ಒಂಬತ್ತನೆಯ ತರಗತಿಯ ಮೊದಲ ನಿಯಮ

ಒಂಬತ್ತನೆಯ ತರಗತಿಯ ಹಾಜರಿ ಪುಸ್ತಕದಲ್ಲಿ ಹೊಸ ಇತಿಹಾಸ ಶಿಕ್ಷಕಿ ನುರಿಜಾಳ ಮಾವನ ಹೆಸರಿತ್ತು. ಮಾವ ಅಲ್ಲಿ ಓದುತ್ತಿರಲಿಲ್ಲ. ಅವರಿಗೆ ಅರವತ್ತು ದಾಟಿದೆ, ಊರ ಹಿರಿಯರ ಪಂಚಾಯಿತಿಗೆ ಅವರೇ ಮುಖ್ಯ. ಹೆಸರು ಮಾತ್ರ ಅದೇ: ಕುಬಾತ್. ಕಿಟಕಿ ಪಕ್ಕ ಕೂರುವ ಹುಡುಗನದು. ಹುಟ್ಟುವಾಗಲೇ ಸೀಳಿದ್ದ ಅವನ ಮೇಲ್ತುಟಿಯನ್ನು ರಾಜಧಾನಿ ಬಿಷ್ಕೆಕ್‌ನಲ್ಲಿ ಯಾರೋ ಅವಸರದಲ್ಲಿ ಹೊಲಿದು ಕಳಿಸಿದ್ದರು.

ಸೊಸೆಯಾದವಳು ಮಾವನ ಹೆಸರನ್ನು ಬಾಯಿಗೆ ತರುವಂತಿಲ್ಲ. ಅದೇ ಹೆಸರಿನ ಬೇರೆಯವರಿದ್ದರೆ ಅವರನ್ನೂ ಇನ್ನೇನೋ ಹೇಳಿ ಕರೆಯಬೇಕು. ನಾರಿನ್ ಕಣಿವೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಮದುವೆಯಾದ ದಿನ ತಲೆಗೆ ಬಿಳಿ ವಸ್ತ್ರ ಬೀಳುತ್ತದೆ, ಅದರ ಜೊತೆಗೆ ನಾಲಿಗೆಗೆ ಬೀಗವೂ ಬೀಳುತ್ತದೆ. ಮೊದಲ ವಾರ ನುರಿಜಾ ಹೇಗೋ ನಿಭಾಯಿಸಿದಳು. ಎಲ್ಲರ ಹೆಸರು ಕೂಗಿ, ಅವನ ಸರದಿ ಬಂದಾಗ ಕಿಟಕಿಯತ್ತ ನೋಡಿ, "ಚೊಲ್ಪೋನಳ ಮಗ ಬಂದಾನೇನು?" ಎನ್ನುತ್ತಿದ್ದಳು. ಚೊಲ್ಪೋನ್ ಅವನ ತಾಯಿ. "ಬಂದೀನ್ರಿ ಅಕ್ಕೋರ," ಎನ್ನುತ್ತಿದ್ದ ಅವನು. ಯಾರೂ ಗಮನಿಸಲಿಲ್ಲ.

ಕೆಲಸ ಸಿಕ್ಕಿದ್ದೇ ಕಷ್ಟದಲ್ಲಿ. ಗಂಡ ಮಕ್ಸಾತ್ ಮಾಸ್ಕೋದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ಮದುವೆಯಾದಾಗಿನಿಂದ ನುರಿಜಾ ಹಸು ಹಿಂಡಿದಳು, ಒಲೆಗೆ ಕುರಿಹಿಕ್ಕೆಯ ಬೆರಣಿ ಹಾಕಿದಳು, ಬಂದವರಿಗೆಲ್ಲ ಚಹಾ ಸುರಿದಳು. ಕಾಲೇಜಿನಲ್ಲಿ ಓದಿದ ಇತಿಹಾಸ ತಲೆಯಲ್ಲೇ ಹಳಸುತ್ತಿತ್ತು. ಬೇಸಿಗೆಯಲ್ಲಿ ಶಾಲೆಯ ಇತಿಹಾಸ ಮೇಷ್ಟ್ರೂ ರಷ್ಯಾಕ್ಕೆ ಹೋದ ಮೇಲೆ ಮುಖ್ಯೋಪಾಧ್ಯಾಯ ಜುಮಾಬೆಕ್ ಮನೆಗೇ ಬಂದು ಕೇಳಿದರು. ಮಾವ ಗಡ್ಡ ನೀವಿಕೊಂಡರು. ಅತ್ತೆ ಹೇಳಿದಳು: "ಹೋಗಲಿ. ಆದರ ಸಾಲ್ಯಾಗೂ ಆಕಿ ನಮ್ಮ ಸೊಸಿನ. ಒಂದು ಮಾತು ನನ್ನ ಕಿವಿಗೆ ಬಿತ್ತಂದ್ರ, ಅವತ್ತ ಮುಗೀತು."

ಕಿವಿ ಎಲ್ಲಿತ್ತು ಎಂಬುದೂ ನುರಿಜಾಳಿಗೆ ಗೊತ್ತಿತ್ತು. ಮೊದಲ ಬೆಂಚಿನಲ್ಲಿ, ಎರಡು ಜಡೆ ಹಾಕಿಕೊಂಡು ಅಯ್ಸುಲೂ ಕೂರುತ್ತಿದ್ದಳು. ಗಂಡನ ಅಕ್ಕನ ಮಗಳು. ಶಾಲೆ ಬಿಟ್ಟ ಮೇಲೆ ಅಜ್ಜಿಯ ಮನೆಯಲ್ಲೇ ಊಟ ಮಾಡುತ್ತಿದ್ದಳು.

ಎರಡನೆಯ ವಾರ ಜಿಲ್ಲಾ ಕಚೇರಿಯಿಂದ ಹೊಸದೊಂದು ಹುಚ್ಚು ಬಂತು. ಪ್ರತಿ ತರಗತಿಯೂ ತನ್ನ ನಡತೆಗೆ ತಾನೇ ನಿಯಮ ಮಾಡಿಕೊಳ್ಳಬೇಕು. ಅವು ಮಕ್ಕಳ ಬಾಯಿಂದಲೇ ಬರಬೇಕು. ಹಲಗೆಯ ಮೇಲೆ ಬರೆದು ಗೋಡೆಗೆ ತೂಗುಹಾಕಬೇಕು.

"ಹೇಳ್ರಿ, ಗೌರವ ಅಂದ್ರ ಏನು?" ನುರಿಜಾ ಕೇಳಿದಳು.

"ಅಕ್ಕೋರು ಬಂದಾಗ ಎದ್ದು ನಿಂದ್ರೂದು," ಎಂದಳು ಅಯ್ಸುಲೂ.

"ಹೋದಾಗ ಕುಂದ್ರೂದು," ಎಂದ ಇಲ್ಗಿಜ್. ತರಗತಿ ನಕ್ಕಿತು. ಇಲ್ಗಿಜ್ ಬಾಯಿ ತೆರೆದರೆ ತರಗತಿ ನಗುತ್ತಿತ್ತು, ಅವನು ಹೇಳಿದ್ದು ಏನೇ ಇರಲಿ.

"ಮತ್ತ?"

"ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು."

"ಫೋನ್ ತಗೀಬಾರದು."

"ಇಲ್ಗಿಜ್ ಸೂರ್ಯಕಾಂತಿ ಬೀಜ ತಿಂದು ಸಿಪ್ಪಿ ಉಗುಳಬಾರದು."

ಆಗ ಕಿಟಕಿ ಪಕ್ಕದಿಂದ ಕೈ ಎದ್ದಿತು. ಕುಬಾತ್ ತಾನಾಗಿ ಮಾತಾಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಎದ್ದು ನಿಂತು, ತುಟಿಯ ಹೊಲಿಗೆಯನ್ನು ಬೆರಳಿನಿಂದ ಮುಚ್ಚಿಕೊಂಡು ಹೇಳಿದ:

"ಹೆಸರು ಹಿಡಿದು ಕರೀಬೇಕ್ರಿ. ಎಲ್ಲಾರನ್ನೂ. ಬ್ಯಾರೆ ಏನೂ ಅನ್ನಬಾರದು."

"ಏ, ಮೊಲ ಮಾತಾಡ್ತು!" ಎಂದ ಇಲ್ಗಿಜ್. ಮೂರನೆಯ ತರಗತಿಯಿಂದಲೂ ಆ ಸೀಳುತುಟಿಯಿಂದಾಗಿ ಕುಬಾತ್ ಎಲ್ಲರ ಬಾಯಲ್ಲಿ ಮೊಲವೇ. ಕೆಲವು ಮೇಷ್ಟ್ರುಗಳ ಬಾಯಲ್ಲೂ.

"ಇದ ಮೊದಲನೇದಾಗಲಿ," ಎಂದಳು ನುರಿಜಾ. ಸಿಟ್ಟಿನಲ್ಲಿ ಹೇಳಿದಳು, ಯೋಚಿಸಿ ಹೇಳಲಿಲ್ಲ. ಬರೆಯುವ ಕೆಲಸವನ್ನು ಬೇಕೆಂದೇ ಇಲ್ಗಿಜ್‌ಗೆ ಕೊಟ್ಟಳು. ಅವನಪ್ಪ ಅಂಗಡಿಗಳ ಫಲಕ ಬರೆಯುವವನು. ಮನೆಯಿಂದ ನೀಲಿ ಎಣ್ಣೆಬಣ್ಣ ತಂದು, ದುಂಡಗೆ ಬರೆದ: ಪ್ರತಿಯೊಬ್ಬರನ್ನೂ ಅವರ ಹೆಸರಿನಿಂದಲೇ ಕರೆಯಬೇಕು. ಅದರ ಕೆಳಗೆ ಉಳಿದವು. ಹಲಗೆ ಗೋಡೆ ಏರಿತು. ಮುಖ್ಯೋಪಾಧ್ಯಾಯರು ಬಂದು ನೋಡಿ, "ಚಲೋ ಐತಿ," ಎಂದು ಫೋಟೊ ತೆಗೆದುಕೊಂಡು ಹೋದರು.

ಮರುದಿನ ಹಾಜರಿ ಹಾಕುವಾಗ ಎಂದಿನಂತೆ ಬಾಯಿಂದ ಬಂತು: "ಚೊಲ್ಪೋನಳ ಮಗ ಬಂದಾನೇನು?"

ಉತ್ತರವಿಲ್ಲ. ನುರಿಜಾ ತಲೆ ಎತ್ತಿದಳು. ಕುಬಾತ್ ಅವಳನ್ನು ನೋಡುತ್ತಿರಲಿಲ್ಲ. ಗೋಡೆಯ ಹಲಗೆಯನ್ನು ನೋಡುತ್ತಿದ್ದ. ತಾನು ಏನು ಮಾಡಿಕೊಂಡೆ ಎಂಬುದು ಆಗ ಅವಳಿಗೆ ತಿಳಿಯಿತು.

"ಅಯ್ಯ, ಅಕ್ಕೋರು ಹೆಂಗ ಹೇಳ್ತಾರ?" ಅಯ್ಸುಲೂ ಕಿಸಕ್ಕನೆ ನಕ್ಕಳು. "ಅದು ನಮ್ಮ ಅಜ್ಜಾರ ಹೆಸರು!"

ಇಲ್ಗಿಜ್ ನಗಲಿಲ್ಲ. ಅವನ ಮುಖದಲ್ಲಿ ನಿಧಿ ಸಿಕ್ಕವನ ಗಾಂಭೀರ್ಯವಿತ್ತು.

ಅವತ್ತಿನಿಂದ ಆಟ ಶುರುವಾಯಿತು. "ಅಕ್ಕೋರ, ಕರಿಹಲಗಿ ಇವತ್ತ ಯಾರು ಒರಸಬೇಕ್ರಿ?" ಎಂದು ಒಬ್ಬ ಕೇಳುವನು. ಸರದಿ ಯಾರದೆಂದು ಇಡೀ ತರಗತಿಗೆ ಗೊತ್ತು. "ಅವನು," ಎನ್ನುವಳು ನುರಿಜಾ. "ಅವನು ಅಂದ್ರ ಯಾರ್ರಿ? ನಮಗ ಹೆಸರಿಲ್ಲೇನ್ರಿ?" ಎಂದು ಇನ್ನೊಬ್ಬ. ಪರೀಕ್ಷೆಯ ಅಂಕ ಓದುವಾಗ ಇಡೀ ತರಗತಿ ಉಸಿರು ಬಿಗಿಹಿಡಿದು ಅವಳ ತುಟಿಯನ್ನೇ ನೋಡುತ್ತಿತ್ತು. ಆಮೇಲೆ ಅವಳನ್ನು ಬಿಟ್ಟು ಹುಡುಗನನ್ನು ಹಿಡಿದುಕೊಂಡರು. ಕುಬಾತ್ ಬಾಗಿಲಲ್ಲಿ ಕಂಡರೆ ಸಾಕು, ಇಲ್ಗಿಜ್ ಬೆಂಚು ಗುದ್ದುತ್ತಿದ್ದ:

"ಏಳ್ರೋ! ಮಾವಾರು ಬಂದ್ರು!"

ಎಲ್ಲರೂ ಏಳುತ್ತಿದ್ದರು. ಹುಡುಗಿಯರು ಮೊಣಕಾಲ ಮೇಲೆ ಕೈಯಿಟ್ಟು, ಹೊಸ ಸೊಸೆಯರ ಹಾಗೆ ಸೊಂಟ ಬಗ್ಗಿಸಿ ನಮಸ್ಕರಿಸುತ್ತಿದ್ದರು.

"ಬರ್ರಿ ಮಾವಾರ, ಮ್ಯಾಲ ಕುಂದರ್ರಿ. ಚಾ ಹಾಕ್ಲ್ಯಾ?"

"ಕುರಿ ತಲಿ ಹಿರಿಯಾರಿಗೇ ಅಲ್ರಿ, ನಿಮಗಂತನ ತಗದಿಟ್ಟೀವ್ರಿ. ಕಿವಿ ಹುಡುಗರಿಗೆ ಕೊಯ್ದು ಕೊಡ್ರಿ ಮತ್ತ."

ನುರಿಜಾ ಒಳಗೆ ಬಂದಾಗ ಮಾತ್ರ ಯಾರೂ ಏಳುತ್ತಿರಲಿಲ್ಲ. "ಎದ್ದು ನಿಂದರ್ರಿ, ನಿಯಮ ಐತಿ," ಎಂದು ಅವಳು ಒಮ್ಮೆ ಚೀರಿದಳು. "ಮೊದಲನೇದು ಯಾರು ಮುರದಾರ್ರಿ ಅಕ್ಕೋರ?" ಎಂದು ಇಲ್ಗಿಜ್ ಕೂತಲ್ಲಿಂದಲೇ, ತುಂಬ ವಿನಯದಿಂದ ಕೇಳಿದ. ಸೂರ್ಯಕಾಂತಿ ಬೀಜದ ಸಿಪ್ಪೆ ಅವನ ಕಾಲಡಿ ಚೆಲ್ಲಿತ್ತು.

ಒಂದು ದಿನ ಎಲ್ಲರೂ ಹೋದ ಮೇಲೆ ಕುಬಾತ್ ಅವಳ ಮೇಜಿನ ಮುಂದೆ ನಿಂತ. "ಮೊಲಾನ ಚಲೋ ಇತ್ತ್ರಿ," ಎಂದು ಹೇಳಿ ಹೋದ.

ಮರುದಿನ ಅವನು ಕುರ್ಚಿ ಎತ್ತಿ ಇಲ್ಗಿಜ್‌ನ ಮುಖಕ್ಕೆ ಹೊಡೆದ. ಮುಂದಿನ ಹಲ್ಲು ಮುರಿಯಿತು.

ಮುಖ್ಯೋಪಾಧ್ಯಾಯರು ನುರಿಜಾಳನ್ನು ಕರೆಸಿದರು. ಕೂರು ಎನ್ನಲಿಲ್ಲ.

"ಒಂಬತ್ತನೇ ಕ್ಲಾಸು ಅಂದ್ರ ಸಂತಿ ಆಗೇತಿ. ಉಳಿದ ಮಾಸ್ತರು ಆ ಕಡೆ ಹೋಗಾಕ ಒಲ್ಲೆ ಅಂತಾರ. ಏನು ನಡಸೀಯವ್ವಾ?"

ಅವಳು ಹೇಳಿದಳು. ಅವರಿಗೆ ಮೊದಲೇ ಗೊತ್ತಿತ್ತು, ಊರಿಗೇ ಗೊತ್ತಿತ್ತು.

"ಹಂಗಾದರ ಆ ನಿಯಮ ಯಾಕ ಬರಸಿದಿ? ನಾನರ ಬರಿ ಅಂದಿದ್ನೇನು? ಐದು ನಿಯಮಕ್ಕ ಬ್ಯಾರೆ ಏನೂ ಸಿಗಲಿಲ್ಲ ನಿನಗ?" ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ಶುಕ್ರವಾರ ಜಿಲ್ಲಾ ಕಚೇರಿಯವರು ಬರ್ತಾರ. ನಿನ್ನ ಪಾಠಾನ ನೋಡ್ತಾರ, ಫೋಟೊ ಕಳಿಸೀನಿ ನೋಡು. ಊರ ಕಡಿಂದ ನಿಮ್ಮ ಮಾವಾರು ಕುಂದರ್ತಾರ. ಅವತ್ತ ಹುಡುಗರು ಎದ್ದು ನಿಂದರಲಿಲ್ಲ, ಗದ್ದಲಾತು ಅಂದ್ರ ನೀ ಸೋಮವಾರ ಬರಬ್ಯಾಡ. ನಾ ಏನೂ ಮಾಡಾಕ ಬರೂದಿಲ್ಲ. ಆ ಕುಬಾತ್‌ನ ಸುದ್ದೀನೂ ಅವತ್ತ ತೀರಸ್ತೀನಿ."

ಸೋಮವಾರ ಬರಬೇಡ ಎಂದರೆ ಏನೆಂದು ನುರಿಜಾಳಿಗೆ ಗೊತ್ತಿತ್ತು. ಮತ್ತೊಮ್ಮೆ ಯಾರೂ ಮನೆಗೆ ಬಂದು ಕೇಳುವುದಿಲ್ಲ. ಹಸು, ಬೆರಣಿ, ಚಹಾ. ಸಾಯುವವರೆಗೆ.

ಮನೆಯಲ್ಲಿ ಆ ಸಂಜೆ ದನದ ದಲ್ಲಾಳಿಯೊಬ್ಬ ಬಂದು ಕೂತಿದ್ದ. ಎರಡು ವರ್ಷದ ಕರುವಿಗೆ ಕುರಿಯ ಬೆಲೆ ಹೇಳುತ್ತಿದ್ದ. ಅತ್ತೆ ನುರಿಜಾಳಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ನುರಿಜಾ ಅವನ ಬಟ್ಟಲಿಗೆ ಚಹಾವನ್ನು ಅಂಚಿನವರೆಗೆ ತುಂಬಿದಳು. ಕೂತಿರಲಿ ಎನ್ನುವ ಅತಿಥಿಗೆ ಅರ್ಧ ಬಟ್ಟಲು, ಮತ್ತೆ ಅರ್ಧ, ಮತ್ತೆ ಅರ್ಧ. ತುಂಬಿದ ಬಟ್ಟಲು ಬಂತೆಂದರೆ ಕುಡಿದು ಏಳಬೇಕು. ದಲ್ಲಾಳಿ ನೋಡಿ, ನಕ್ಕು, ಬಿಸಿಯನ್ನೇ ಹೀರಿ, ಟೊಪ್ಪಿಗೆ ಹಾಕಿಕೊಂಡು ಹೋದ.

"ಅತ್ತಿ," ಎಂದಳು ನುರಿಜಾ, ಬಟ್ಟಲು ತೊಳೆಯುತ್ತ. "ಸಾಲ್ಯಾಗ ಒಬ್ಬ ಹುಡುಗ ಅದಾನ್ರಿ. ಅವನ ಹೆಸರು…"

"ಗೊತ್ತೈತಿ. ಅಯ್ಸುಲೂ ಹೇಳ್ಯಾಳ."

"ಸಾಲ್ಯಾಗಷ್ಟ, ಪಾಠದಾಗಷ್ಟ, ನೀವು ಹೂಂ ಅಂದ್ರ…"

ಅತ್ತೆಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

"ನಾ ಹಾಲಿನ ಡೇರಿಯೊಳಗ ಲೆಕ್ಕ ಬರೀತಿದ್ದೆ, ಹುಡುಗಿ. ನಮ್ಮ ಮಾವನ ಹೆಸರಿನವರು ಮೂರು ಮಂದಿ ಹಾಲು ಹಾಕ್ತಿದ್ರು. ಗಡ್ಡದವ, ಕುಂಟ, ಗುಡ್ಡದಾಚೆಯವ ಅಂತ ಕರದೆ. ಅವರೇನು ಕುರ್ಚಿ ಎತ್ತಿ ಯಾರನ್ನೂ ಹೊಡೀಲಿಲ್ಲ. ಈಗಿನ ಹುಡುಗರಿಗೆ ಹೆಸರು ಬೇಕಂತ, ಹೆಸರು." ಅವಳು ದೀಪದ ಕಡೆ ತಿರುಗಿ ಸೂಜಿಗೆ ದಾರ ಪೋಣಿಸಿದಳು. "ನಿನಗ ಅದು ಅಷ್ಟು ಕಷ್ಟ ಅಂದ್ರ ಸಾಲಿ ಬಿಡು. ಯಾರು ಹೋಗಂದ್ರು?"

ಮಾಸ್ಕೋಗೆ ಫೋನ್ ಮಾಡಿದಳು. ಮಕ್ಸಾತ್ ಗಾಡಿ ಓಡಿಸುತ್ತಿದ್ದ. ಹಿಂದೆ ಯಾರೋ ರಷ್ಯನ್ ಭಾಷೆಯಲ್ಲಿ ಬೈಯುತ್ತಿದ್ದರು. "ಅವ್ವನ್ನ ಕೇಳು," ಎಂದ. "ಕೇಳಿದೆ." "ಮತ್ತ ನಾ ಏನು ಹೇಳ್ಲಿ? ಒಂದು ಹೆಸರು, ನುರಿಜಾ. ಒಂದು ಹೆಸರಿಗೆ ಇಷ್ಟ್ಯಾಕ ರಂಪ ಮಾಡ್ತಿ?" ಅವನು ಹೇಳು ಅಂದನೋ ಹೇಳಬೇಡ ಅಂದನೋ, ಅವಳಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ.

ಉಳಿದದ್ದು ಹುಡುಗ. ಗುರುವಾರ ಶಾಲೆ ಮುಗಿದ ಮೇಲೆ ಅವಳು ಚೊಲ್ಪೋನಳ ಮನೆಗೆ ಹೋದಳು. ಚೊಲ್ಪೋನ್ ಗಡಿಬಿಡಿಯಿಂದ ಚಾಪೆ ಹಾಸಿದಳು, ರೊಟ್ಟಿ ಮುರಿದಳು, ಅರ್ಧ ಬಟ್ಟಲು ಚಹಾ ಕೊಟ್ಟಳು. ಆಕೆಗೂ ಮಾವನಿದ್ದಾನೆ, ಆಕೆಯ ಬಾಯಿಗೂ ಬೀಗವಿದೆ.

"ಏನರ ಅನ್ರಿ ಅಕ್ಕೋರ, ನಂದೇನಿಲ್ಲ. ಸಾಲಿಯಿಂದ ತಗೀಬ್ಯಾಡ್ರಿ ಅಷ್ಟ."

ಕುಬಾತ್ ಒಲೆಯ ಪಕ್ಕ ಕೂತು ಕುದುರೆಯ ಲಗಾಮು ಹೊಲಿಯುತ್ತಿದ್ದ.

"ನಾಳೆ ಒಂದು ದಿನ," ಎಂದಳು ನುರಿಜಾ. "ನಾ ಕಿಡಕಿ ಕಡೆ ನೋಡ್ತೀನಿ. ನೀ ಎದ್ದು ಬಂದೀನಿ ಅನ್ನು. ಅಷ್ಟ. ಕೈ ಮುಗೀತೀನಿ, ಬೇಡಿಕೊಳ್ತೀನಿ."

"ಏ, ಅಕ್ಕೋರು ಬೇಡಿಕೊಳ್ಳಾಕ ಹತ್ಯಾರ, ಹೂಂ ಅನ್ನೋ ಕತ್ತಿ!" ಎಂದಳು ತಾಯಿ.

ಹುಡುಗ ದಾರವನ್ನು ಹಲ್ಲಿನಿಂದ ಕಡಿದ. "ನಾ ಬರಸ್ರಿ ಅಂತ ಹೇಳಿರಲಿಲ್ಲ. ಕರೀಬೇಕು ಅಂದಿದ್ದೆ. ನೀವ ಬರಸಿದ್ರಿ. ಹೇಳ್ರಿ, ಇಲ್ಲಾ ಅಳಸ್ರಿ."

ಅವಳು ಅಲ್ಲಿಂದ ನೇರ ಶಾಲೆಗೆ ಹೋದಳು. ತರಗತಿ ಖಾಲಿ ಇತ್ತು. ಬಟ್ಟೆ ಒದ್ದೆ ಮಾಡಿ ಮೊದಲ ಸಾಲನ್ನು ಒರೆಸಿದಳು. ಎಣ್ಣೆಬಣ್ಣ ಜಗ್ಗಲಿಲ್ಲ, ಇಲ್ಗಿಜ್ ಚೆನ್ನಾಗಿ ಬರೆದಿದ್ದ. ಚೀಲದಲ್ಲಿ ಸೇಬು ಕೊಯ್ಯುವ ಚಾಕು ಇತ್ತು. ಅದರಿಂದ ಕೆರೆದಳು. 'ಪ್ರತಿಯೊಬ್ಬರನ್ನೂ' ಎನ್ನುವುದು ಹೋಯಿತು, ಅದರ ಜೊತೆ ಹಲಗೆಯ ಸಿಬಿರೂ ಎದ್ದಿತು. 'ಅವರ' ಎನ್ನುವುದು ಅರ್ಧ ಹೋಯಿತು. 'ಹೆಸರಿನಿಂದಲೇ' ಎನ್ನುವಲ್ಲಿ ಚಾಕು ಜಾರಿ ಹೆಬ್ಬೆರಳನ್ನು ಕೊಯ್ದಿತು. ಅವಳು ಬೆರಳನ್ನು ಬಾಯಲ್ಲಿಟ್ಟುಕೊಂಡು ಹಿಂದೆ ಸರಿದು ನೋಡಿದಳು. ಮೊದಲಿಗಿಂತ ಈಗ ಅದು ದೂರದಿಂದಲೂ ಕಾಣುತ್ತಿತ್ತು. ಪೂರ್ತಿ ಕೆರೆಯಲು ಕೈಯಲ್ಲಿ ಶಕ್ತಿಯಿರಲಿಲ್ಲ. ಬಾಗಿಲು ಎಳೆದುಕೊಂಡು ಮನೆಗೆ ಹೋಗಿ ಹಸು ಹಿಂಡಿದಳು.

ಶುಕ್ರವಾರ ಹಿಂದಿನ ಬೆಂಚುಗಳಲ್ಲಿ ಮೂವರು ಕೂತರು: ಮುಖ್ಯೋಪಾಧ್ಯಾಯರು, ಜಿಲ್ಲಾ ಕಚೇರಿಯ ದಪ್ಪ ಕೋಟಿನ ಹೆಂಗಸು, ಮಾವ. ಮಾವ ಬಿಳಿ ಕಲ್ಪಾಕ್ ಟೊಪ್ಪಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಲಾಗದೆ ಅಡ್ಡಕ್ಕೆ ಕೂತಿದ್ದರು. ನುರಿಜಾ ಬಾಗಿಲಲ್ಲೇ ಅವರಿಗೆ ಸೊಂಟ ಬಗ್ಗಿಸಿದಳು. ತರಗತಿಯಲ್ಲಿ ಯಾರೋ ಮೂಗಿನಲ್ಲಿ ನಕ್ಕರು.

ಮಕ್ಕಳು ಎದ್ದರು. ಹಿರಿಯರಿದ್ದಾರೆಂದು ಎದ್ದರು, ಅವಳಿಗಲ್ಲ.

"ನಿಯಮದ ಹಲಗಿ ಎಲ್ಲೈತಿ?" ಜಿಲ್ಲಾ ಕಚೇರಿಯ ಹೆಂಗಸು ಕನ್ನಡಕ ಏರಿಸಿದಳು. ನೋಡಿದಳು. "ಇದೇನು?"

ಮುಖ್ಯೋಪಾಧ್ಯಾಯರು ತಿರುಗಿ ನೋಡಿದರು. ಅವರ ಕುತ್ತಿಗೆ ಕೆಂಪಾಯಿತು.

"ಯಾರದು? ಯಾರು ಕೆರದಿದ್ದು?"

ಇಲ್ಗಿಜ್ ತನ್ನ ಮುರಿದ ಹಲ್ಲನ್ನು ನಾಲಿಗೆಯಿಂದ ಸವರುತ್ತ ಮೆಲ್ಲಗೆ ಕಿಟಕಿಯತ್ತ ನೋಡಿದ. ಅವನು ನೋಡಿದನೆಂದು ಉಳಿದವರೂ ನೋಡಿದರು.

"ನೀನಾ?" ಮುಖ್ಯೋಪಾಧ್ಯಾಯರು ಎದ್ದು ಬೆಂಚುಗಳ ನಡುವೆ ಬಂದರು. "ಏಳಲೇ. ಹಲ್ಲು ಮುರದಿದ್ದು ಸಾಲಲಿಲ್ಲ? ಚೀಲ ತೊಗೊ. ಇವತ್ತಿಗೆ ನಿನ್ನ ಸಾಲಿ ಮುಗೀತು."

ಹುಡುಗ ಎದ್ದು ನಿಂತ. ಅಲ್ಲ ಎಂದು ಹೇಳಲಿಲ್ಲ. ಏನು ಹೇಳಿದರೂ ನಂಬುವವರಿಲ್ಲ ಎನ್ನುವುದು ಅವನಿಗೆ ಹಳೆಯ ಪಾಠ. ಚೀಲಕ್ಕೆ ಪುಸ್ತಕ ತುಂಬತೊಡಗಿದ. ತುಂಬುತ್ತ ಒಮ್ಮೆ ನುರಿಜಾಳ ಕೈಯನ್ನು ನೋಡಿದ. ಹೆಬ್ಬೆರಳಿಗೆ ಚಿಂದಿ ಸುತ್ತಿತ್ತು.

ನೋಡಿ, ಚೀಲದ ಗುಂಡಿ ಹಾಕಿಕೊಂಡ.

"ಕುಬಾತ್ ಕೆರದಿಲ್ಲ," ಎಂದಳು ನುರಿಜಾ.

ತನ್ನ ಧ್ವನಿ ತನಗೇ ಗುರುತು ಸಿಗಲಿಲ್ಲ. ಮದುವೆಯಾದಾಗಿನಿಂದ ಆ ಮನೆಯಲ್ಲಿ, ಆ ಊರಲ್ಲಿ ಅವಳು ಅಷ್ಟು ಗಟ್ಟಿಯಾಗಿ ಏನನ್ನೂ ಹೇಳಿರಲಿಲ್ಲ.

"ನಾ ಕೆರದೆ. ನಿನ್ನೆ, ಚಾಕುವಿನಿಂದ. ಕುಬಾತ್, ನೀ ಕುಂದ್ರು."

ತರಗತಿಯಲ್ಲಿ ಒಲೆಯ ಕಲ್ಲಿದ್ದಲು ಸಿಡಿದದ್ದು ಕೇಳಿಸಿತು. ಕುಬಾತ್ ನಿಂತೇ ಇದ್ದ. ಆಮೇಲೆ ಹಾಜರಿಗೆ ಉತ್ತರಿಸುವವನ ಹಾಗೆ, "ಹೂಂ ರೀ ಅಕ್ಕೋರ," ಎಂದು ಕೂತ. ಇಲ್ಗಿಜ್‌ನ ಬಾಯಿ ತೆರೆದೇ ಇತ್ತು. ಅಯ್ಸುಲೂ ಹಿಂದೆ ತಿರುಗಿ ಅಜ್ಜನನ್ನು ನೋಡಿದಳು.

ಮಾವ ತೊಡೆಯ ಮೇಲಿದ್ದ ಟೊಪ್ಪಿಗೆಯನ್ನು ತೆಗೆದು ತಲೆಗಿಟ್ಟುಕೊಂಡರು, ಅಷ್ಟೆ. ಪಾಠ ಮುಗಿಯುವವರೆಗೆ ಕೂತರು. ಹಿರಿಯರು ನಡುವೆ ಎದ್ದು ಹೋಗುವುದಿಲ್ಲ. ನುರಿಜಾ ಏನು ಪಾಠ ಮಾಡಿದಳೋ ಅವಳಿಗೆ ನೆನಪಿಲ್ಲ. ಯಾರೂ ಫೋನ್ ತೆಗೆಯಲಿಲ್ಲ, ಯಾರೂ ಬಾಯಿ ಹಾಕಲಿಲ್ಲ. ಗಂಟೆ ಹೊಡೆದಾಗ ಇಡೀ ತರಗತಿ ಎದ್ದು ನಿಂತಿತು. ಈ ಸಲ ಅವರು ನೋಡುತ್ತಿದ್ದುದು ಹಿಂದಿನ ಬೆಂಚಿನ ಕಡೆಯಲ್ಲ.

"ಶಿಸ್ತು ಚಲೋ ಐತಿ," ಎಂದು ಜಿಲ್ಲಾ ಕಚೇರಿಯ ಹೆಂಗಸು ಬರೆದುಕೊಂಡಳು.

ಮುಖ್ಯೋಪಾಧ್ಯಾಯರು ಪಡಸಾಲೆಯಲ್ಲಿ ನುರಿಜಾಳನ್ನು ತಡೆದರು. ಬೈಯಲು ಬಾಯಿ ತೆರೆದವರು ಅವಳ ಮುಖ ನೋಡಿ ಬೇರೆ ಹೇಳಿದರು: "ಸೋಮವಾರ ಬಾ. ಬರುವಾಗ ನೀಲಿ ಬಣ್ಣ ತೊಗೊಂಡು ಬಾ."

ಅವಳು ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಮುಟ್ಟಿತ್ತು. ಹಸುಗಳನ್ನು ಯಾರೋ ಆಗಲೇ ಹಿಂಡಿದ್ದರು. ಒಳಗೆ ಊಟದ ಬಟ್ಟೆ ದಸ್ತರಖಾನ್ ಹಾಸಿತ್ತು, ರೊಟ್ಟಿ, ಕೆನೆ, ಜ್ಯಾಮ್ ಇಟ್ಟಿತ್ತು. ಮಾವ ಹಿರಿಯರ ಜಾಗದಲ್ಲಿ ಕೂತು ಗೋಡೆ ನೋಡುತ್ತಿದ್ದರು. ನುರಿಜಾ ಬಗ್ಗಿ ನಮಸ್ಕರಿಸಿದಳು. ಅವರು "ಬಾಳು" ಎನ್ನಲಿಲ್ಲ. ಅವಳು ತನ್ನ ಜಾಗಕ್ಕೆ, ಬಾಗಿಲ ಬಳಿ ನೀರು ಕಾಯಿಸುವ ಸಮೋವರಿನ ಪಕ್ಕಕ್ಕೆ ಹೋಗಿ, ಚಹಾದ ಹೂಜಿಗೆ ಕೈ ಹಾಕಿದಳು.

ಅತ್ತೆ ಹೂಜಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ, ಬೆರಳು ತಾಕದ ಹಾಗೆ ತೆಗೆದುಕೊಂಡಳು.

"ನೀವ್ಯಾಕ್ರಿ ಅಕ್ಕೋರ," ಎಂದಳು. "ಕುಂದರ್ರಿ. ನಾ ಹಾಕ್ತೀನಿ."

"ಅತ್ತಿ…"

"ಸಾಲಿ ಅಕ್ಕೋರು ನಮ್ಮ ಮನಿಗೆ ಬಂದೀರಿ. ಚಾ ಕುಡೀರಿ."

ಅತ್ತೆ ಸುರಿಯುತ್ತ ಹೋದಳು. ಚಹಾ ಅರ್ಧಕ್ಕೆ ಬಂತು. ಕೈ ನಿಲ್ಲಲಿಲ್ಲ. ಬಟ್ಟಲಿನ ನೀಲಿ ಹೂವು ಮುಳುಗಿತು, ಚಿನ್ನದ ಗೆರೆ ಮುಳುಗಿತು. ಅಂಚಿನಲ್ಲಿ ಚಹಾ ಉಬ್ಬಿ ನಿಂತಾಗ ಅವಳು ಹೂಜಿ ಇಳಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ.

ನುರಿಜಾ ಮಾವನನ್ನು ನೋಡಿದಳು. ಅವರು ಗೋಡೆಯನ್ನೇ ನೋಡುತ್ತಿದ್ದರು. ಹೊರಗೆ ಕತ್ತಲಾಗುತ್ತಿತ್ತು. ತವರು ಕಣಿವೆಯ ಆ ತುದಿಯಲ್ಲಿ, ಘಾಟಿಯ ಆಚೆ. ಅಲ್ಲಿಂದ ಈ ಶಾಲೆಗೆ ಬಸ್ಸಿಲ್ಲ. ಸೋಮವಾರ ಒಂಬತ್ತನೆಯ ತರಗತಿ ಎದ್ದು ನಿಲ್ಲುತ್ತದೆ. ಎದ್ದು ಯಾರಿಗಾಗಿ ಕಾಯುತ್ತದೆ?

ಬಟ್ಟಲನ್ನು ಎತ್ತುವಂತಿರಲಿಲ್ಲ; ಎತ್ತಿದರೆ ಕೈ ಸುಡುತ್ತದೆ, ಚೆಲ್ಲುತ್ತದೆ. ಅವಳು ಎರಡೂ ಕೈಗಳನ್ನು ನೆಲಕ್ಕೂರಿ, ಬಗ್ಗಿ, ಅಂಚಿಗೆ ತುಟಿಯಿಟ್ಟು ಹೀರಿದಳು.